ಸರ್ಕಲ್ಲಿನ ಹೊರೆಗಲ್ಲು

ನಾನು ಒಂದು ಹೊರೆಗಲ್ಲು. ನನ್ನಂಥವು ಈಗ ಕಾಣಸಿಗುವುದು ಕಡಿಮೆಯಾದ್ದರಿಂದ ನಾನು ಹೇಗಿದ್ದೇನೆಂದು ಮೊದಲೇ ಹೇಳಿಬಿಡುತ್ತೇನೆ. ನೆಲದಲ್ಲಿ ನೆಟ್ಟ ಎರಡು ಕಂಬ, ಅವುಗಳ ನೆತ್ತಿಯ ಮೇಲೆ ಅಡ್ಡ ಮಲಗಿಸಿದ ಒಂದು ಚಪ್ಪಡಿ. ಇಷ್ಟೇ ನಾನು. ಆಳಿನ ಭುಜದಷ್ಟು ಎತ್ತರ. ತಲೆಯ ಮೇಲೆ ಹೊರೆ ಹೊತ್ತು ದೂರ ನಡೆಯುವವರಿಗೆ ಒಂದು ಕಷ್ಟವಿದೆ. ಹೊರೆ ಇಳಿಸಲು ಇನ್ನೊಬ್ಬರ ಕೈ ಬೇಕು, ಮತ್ತೆ ತಲೆಗೇರಿಸಲೂ ಬೇಕು. ದಾರಿಯಲ್ಲಿ ಯಾರೂ ಸಿಗದಿದ್ದರೆ ಕತ್ತು ಕುಸಿಯುತ್ತಿದ್ದರೂ ನಡೆಯುತ್ತಲೇ ಇರಬೇಕು. ನಾನು ಆ ಇನ್ನೊಬ್ಬರ ಕೈ. ತುಸು ಮಂಡಿ ಬಗ್ಗಿಸಿ ಹೊರೆಯನ್ನು ನನ್ನ ಮೇಲೆ ಜಾರಿಸಬಹುದು. ದಣಿವಾರಿದ ಮೇಲೆ ಹಾಗೆಯೇ ತಲೆ ಕೊಟ್ಟು ಎಳೆದುಕೊಳ್ಳಬಹುದು.

ಊರಾಚೆಯ ಕರಿಬಂಡೆಯಲ್ಲಿ ನಾನು ಹುಟ್ಟಿದೆ. ತಿಮ್ಮಬೋವಿ ಎಂಬ ಕಲ್ಲುಕುಟಿಗ ಉಳಿಯಿಂದ ಸಾಲಾಗಿ ಕುಳಿ ಹೊಡೆದು ನನ್ನನ್ನು ಬಂಡೆಯಿಂದ ಬಿಡಿಸಿದ. ಮಾಡಿಸಿದವನು ಬೋರೇಗೌಡ. ಅವನ ಹೆಂಡತಿ ಪುಟ್ಟನಂಜಿ ತುಂಬಿದ ಬಸುರಿಯಾಗಿದ್ದಾಗಲೇ ತೀರಿಕೊಂಡಿದ್ದಳು. ಹಾಗೆ ಹೊಟ್ಟೆಯ ಹೊರೆ ಇಳಿಸದೆ ಹೋದವಳ ಹೆಸರಿನಲ್ಲಿ ದಾರಿಯ ಬದಿ ಒಂದು ಹೊರೆಗಲ್ಲು ನೆಡಿಸುವುದು ಆ ಸೀಮೆಯ ವಾಡಿಕೆ. ದಾರಿಹೋಕರು ತಮ್ಮ ಭಾರ ಇಳಿಸಿದಷ್ಟು ಸಲ ಅವಳ ಭಾರವೂ ಇಳಿಯುತ್ತದೆ ಎಂದು ನಂಬಿಕೆ. ನಾಲ್ಕು ಊರಿನ ದಾರಿ ಕೂಡುವಲ್ಲಿ, ಒಂದು ಹೊಂಗೆಮರದ ನೆರಳಿನಲ್ಲಿ ನನ್ನನ್ನು ನೆಟ್ಟರು. ಪುಟ್ಟನಂಜಿಯ ತಾಯಿ ಚಪ್ಪಡಿಗೆ ಎಣ್ಣೆ ಸವರಿ, ಬಹಳ ಹೊತ್ತು ಕೈ ತೆಗೆಯಲಿಲ್ಲ.

"ನನ್ನ ಮಗಳದ್ದಂತೂ ಇಳೀಲಿಲ್ಲ. ಹೋಗೋರು ಬರೋರುದ್ದಾದ್ರೂ ಇಳ್ಸು, ನಮ್ಮಪ್ಪ" ಎಂದಳು.

ಅಂದಿನಿಂದ ನನಗೆ ಬಿಡುವಿರಲಿಲ್ಲ. ಹುಲ್ಲು, ಸೌದೆ, ಮಡಕೆ, ಬಳೆಗಾರರ ಮಲಾರ, ಎಲ್ಲ ನನ್ನ ಮೇಲೆ ಇಳಿದವು. ಹೊರೆ ಮತ್ತೆ ತಲೆಗೇರಿಸುವ ಮುಂಚೆ ಎಲ್ಲರೂ ಒಂದು ಮಾತು ಹೇಳುತ್ತಿದ್ದರು: "ಪುಟ್ಟನಂಜಿ, ತಣ್ಣಗಿರವ್ವ." ಅವಳ ಮುಖ ನೋಡಿದವರೆಲ್ಲ ಸತ್ತ ಮೇಲೂ ಆ ಮಾತು ಸಾಯಲಿಲ್ಲ.

ಊರು ಬೆಳೆಯಿತು. ದಾರಿಗಳು ರಸ್ತೆಗಳಾದವು. ಒಂದು ಸಲ ರಸ್ತೆ ಅಗಲ ಮಾಡುವಾಗ ಹೊಂಗೆಮರ ಹೋಯಿತು. ನನ್ನನ್ನು ಕೀಳಲು ಕೂಲಿಯವರು ಹೆದರಿದ್ದರಿಂದ ನಾನು ಉಳಿದೆ. ಬದಿಯಲ್ಲಿದ್ದವನು ನಡುವಿಗೆ ಬಂದೆ. ನಾನು ಅಲುಗಾಡಿರಲಿಲ್ಲ, ರಸ್ತೆಯೇ ಸರಿದು ಬಂದು ನನ್ನನ್ನು ಸುತ್ತಿಕೊಂಡಿತ್ತು. ಜನ ಅದನ್ನು ಹೊರೆಗಲ್ಲು ಸರ್ಕಲ್ ಎಂದರು. ಬಸ್ಸು, ಲಾರಿ, ಆಟೋ, ಸೈಕಲ್ಲು, ದನ ಎಲ್ಲವೂ ನಾಲ್ಕೂ ಕಡೆಯಿಂದ ನುಗ್ಗಿ ನನ್ನೆದುರು ಸಿಕ್ಕಿಹಾಕಿಕೊಂಡು ಒದರುತ್ತಿದ್ದವು. ತಲೆಹೊರೆಯವರು ಒಬ್ಬೊಬ್ಬರೇ ಇಲ್ಲವಾದರು.

ಕೊನೆಗೆ ಉಳಿದವಳು ಕೆಂಪಾಜಮ್ಮ. ಕೆರೆ ಕೆಳಗಿನ ಹಳ್ಳಿಯಿಂದ ಸೊಪ್ಪಿನ ಬುಟ್ಟಿ ಹೊತ್ತು ದಿನಾ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗುವವಳು. ದಂಟು, ಸಬ್ಬಸಿಗೆ, ಕೀರೆ, ಮೇಲೆ ಒದ್ದೆ ಗೋಣಿತಟ್ಟು. ಎದುರು ಬಂದ ಬಸ್ಸಿಗೆ ಒಂದು ಕೈ ಅಡ್ಡ ತೋರಿಸಿ, "ತಡಿಯೋ, ನಿನ್ ಬಸ್ಸೇನು ಬಾಡೋಯ್ತದಾ? ನನ್ ಸೊಪ್ಪು ಬಾಡೋಯ್ತದೆ" ಎಂದು ಡ್ರೈವರನ್ನು ಗದರಿಸಿ ನನ್ನ ಬಳಿ ಬರುತ್ತಿದ್ದಳು. ಬುಟ್ಟಿ ಇಳಿಸಿ, ತಲೆಯ ಮೇಲಿನ ಬಟ್ಟೆಯ ಸಿಂಬೆ ತೆಗೆದು ಕೊಡವಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು ನನಗೊರಗಿ ನಿಲ್ಲುವಳು. ಹೊರಡುವಾಗ ಅವಳು ಎರಡು ಹೆಸರು ಹೇಳುತ್ತಿದ್ದಳು: "ಪುಟ್ಟನಂಜಿ, ಸಾವಿತ್ರಿ, ತಣ್ಣಗಿರ್ರವ್ವ." ಸಾವಿತ್ರಿ ಯಾರೆಂದು ಆಗ ನನಗೆ ಗೊತ್ತಿರಲಿಲ್ಲ.

ಶಾಲೆಗೆ ಹೋಗುತ್ತಿದ್ದ ಒಂದು ಹುಡುಗಿ ಸೈಕಲ್ಲಿನ ಸಮೇತ ನನ್ನೆದುರೇ ಲಾರಿಗೆ ಸಿಕ್ಕಿ ಕಾಲು ಕಳೆದುಕೊಂಡಳು. ಆಮೇಲೆ ಸರ್ಕಲ್ಲನ್ನು ಹೊಸದಾಗಿ ಕಟ್ಟುವುದೆಂದು ತೀರ್ಮಾನವಾಯಿತು. ನಗರಸಭೆಯಿಂದ ಇಂಜಿನಿಯರ್ ತನ್ವೀರ್ ಪಾಷಾ ಬಂದರು. ಇದೇ ಊರಿನವರು. ಅವರ ತಾತ ಜಟಕಾ ಓಡಿಸುತ್ತಿದ್ದಾಗ ಕುದುರೆಯ ಹುಲ್ಲಿನ ಕಂತೆಯನ್ನು ನನ್ನ ಮೇಲೆ ಇಡುತ್ತಿದ್ದುದು ನನಗೆ ನೆನಪಿದೆ. ಪಾಷಾ ಆತುರದ ಮನುಷ್ಯನಲ್ಲ. ವಾರಗಟ್ಟಲೆ ಮೂಲೆಯಲ್ಲಿ ನಿಂತು ಯಾರು ಎಲ್ಲಿ ದಾಟುತ್ತಾರೆ, ಸೈಕಲ್ಲಿನವರು ಎಲ್ಲಿ ತಡವರಿಸುತ್ತಾರೆ ಎಂದು ನೋಡಿದರು. ಒಂದು ಬೆಳಿಗ್ಗೆ ಟೇಪು ಹಿಡಿದು ನನ್ನನ್ನು ಅಳೆಯುತ್ತಿದ್ದಾಗ ಕೆಂಪಾಜಮ್ಮ ಬಂದಳು.

"ಏನ್ ಸಾಹೇಬ್ರೇ, ಕಲ್ಲಿಗೆ ಅಂಗಿ ಹೊಲಿಸ್ತೀರಾ?"

ಪಾಷಾ ನಕ್ಕರು. "ಅಂಗಿ ಅಲ್ಲ ಅಜ್ಜಿ, ಮನೆ ಬದಲಾಯಿಸ್ತೀವಿ. ಎಲ್ಲೂ ದೂರ ಅಲ್ಲ. ಅಗೋ, ಆ ಫುಟ್‌ಪಾತ್ ಅಂಚಿಗೆ. ನಡುರಸ್ತೆಗೆ ಬರೋ ಕಷ್ಟ ನಿಮಗೆ ತಪ್ಪುತ್ತೆ."

ಅವಳ ನಗು ನಿಂತಿತು. ಬುಟ್ಟಿ ಇಳಿಸದೆಯೇ ನಿಂತುಬಿಟ್ಟಳು.

"ಕಿತ್ತಾಕ್ತೀರಾ?"

"ಕಿತ್ತು ಅಲ್ಲಿ ನೆಡ್ತೀವಿ ಅಜ್ಜಿ. ಪೂಜೆ ಬೇಕಾದ್ರೂ ಮಾಡಿಸ್ತೀನಿ."

"ಬಸುರಿ ಹೆಣ್ಣಿನ ಹೆಸರಲ್ಲಿ ನೆಟ್ಟಿರೋದು ಕಣಪ್ಪ. ಕಿತ್ರೆ ಇಷ್ಟು ದಿನ ಇಳಿದಿರೋ ಹೊರೆಯೆಲ್ಲ ತಿರುಗಿ ಅವಳ ತಲೆಗೇ ಏರ್ತದೆ. ನೆಟ್ಟೋರು ಇಲ್ಲ. ಕೀಳೋಕೆ ನೀನ್ಯಾರು, ನಾನ್ಯಾರು?"

ಪಾಷಾ ಏನೋ ಹೇಳಲು ಹೋದರು. ಅವಳು ದನಿ ತಗ್ಗಿಸಿದಳು.

"ನನ್ ದೊಡ್ಮಗಳು ಸಾವಿತ್ರೀನೂ ಹಂಗೇ ಹೋದ್ಲು, ಏಳ್ ತಿಂಗ್ಳು ತುಂಬಿತ್ತು. ಅವಳಿಗೊಂದು ಕಲ್ಲು ನೆಡ್ಸೋ ತಾಕತ್ತು ನಂಗಿರ್ಲಿಲ್ಲ. ಇದ್ರಲ್ಲೇ ಅವಳ ಹೆಸರೂ ಸೇರಿಸ್ಕಂಡಿವ್ನಿ. ನಿನ್ ದಮ್ಮಯ್ಯ, ಮುಟ್ಬ್ಯಾಡ."

ಪಾಷಾ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ಮುಂದೆ ನನ್ನನ್ನು ಕೀಳುವ ಮಾತೆತ್ತಲಿಲ್ಲ. ಒಬ್ಬ ತಾಯಿಯ ಮಾತಿಗೆ ಬೆಲೆ ಕೊಟ್ಟು ಅವರು ನನ್ನನ್ನು ನಡುವಿನಲ್ಲೇ ಬಿಟ್ಟರು. ನನಗೂ ಅಂದು ಸಂತೋಷವಾಗಿತ್ತು.

ಕೆಲಸ ಮುಗಿದಾಗ ಸರ್ಕಲ್ಲು ಚೆಂದವಾಗಿತ್ತು. ರಸ್ತೆಯ ಬಾಯಿಗಳನ್ನು ಕಿರಿದು ಮಾಡಿದ್ದರು. ದಾಟುವ ಪಟ್ಟೆಗಳನ್ನು ಎತ್ತರಿಸಿ, ಅರ್ಧ ದಾರಿಯಲ್ಲಿ ನಿಂತು ಉಸಿರಾಡಲು ಸಣ್ಣ ಕಟ್ಟೆಗಳನ್ನು ಕಟ್ಟಿದ್ದರು. ಸೈಕಲ್ಲಿಗೆ ಹಸಿರು ಬಣ್ಣದ ಬೇರೆ ದಾರಿ. ನಾಲ್ಕೂ ಕಡೆ ಸಿಗ್ನಲ್ಲು. ಮಕ್ಕಳು ಕೈ ಹಿಡಿದು ದಾಟಿದರು, ಊರುಗೋಲಿನವರು ದಾಟಿದರು. ಕಾಲು ಕಳೆದುಕೊಂಡ ಹುಡುಗಿಯೂ ಒಂದು ದಿನ ತಂದೆಯ ಜೊತೆ ನಿಧಾನವಾಗಿ ದಾಟಿದಳು. ಫುಟ್‌ಪಾತಿನ ಅಂಚಿನಲ್ಲಿ ಪಾಷಾ ನನ್ನಷ್ಟೇ ಎತ್ತರದ ಒಂದು ಸಿಮೆಂಟಿನ ಕಟ್ಟೆ ಕಟ್ಟಿಸಿದ್ದರು, ಕೆಂಪಾಜಮ್ಮನಿಗಾಗಿಯೇ.

ಅವಳು ಅದನ್ನು ಸುತ್ತಿ ನೋಡಿದಳು. "ಇದ್ಯಾರ ಹೆಸರಿಂದು?"

"ಯಾರದೂ ಅಲ್ಲ ಅಜ್ಜಿ. ನಿಮಗೇ ಅಂತ."

"ಬದುಕಿರೋಳ ಹೆಸರಲ್ಲಿ ಕಟ್ಟೆ ಕಟ್ತಾರೇನೋ ಹುಚ್ಚಪ್ಪ!" ಎಂದು ಬೊಚ್ಚುಬಾಯಿ ತುಂಬ ನಕ್ಕಳು. "ಹೆಸರಿಲ್ದಿರೋ ಕಟ್ಟೆ ಮೇಲೆ ಹೆಂಗೆ ಮಡಗ್ಲಿ?" ಎಂದವಳೇ ನನ್ನ ಕಡೆಗೆ ನಡೆದಳು.

ಹಳೆಯ ಸರ್ಕಲ್ಲಿನಲ್ಲಿ ಗೊಂದಲವಿತ್ತು. ಆ ಗೊಂದಲದಲ್ಲಿ ಎಲ್ಲರೂ ತೆವಳುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿದ್ದರು. ಈಗ ಹಸಿರು ಬಿದ್ದರೆ ಗಾಡಿಗಳು ನಿಶ್ಚಿಂತೆಯಿಂದ ಬರುತ್ತಿದ್ದವು. ನಡುವಿನಲ್ಲಿ ಯಾರೂ ಇರಬಾರದು, ಆದ್ದರಿಂದ ಯಾರೂ ಇರುವುದಿಲ್ಲ ಎಂದು ನಂಬಿ ನನ್ನ ಪಕ್ಕದಲ್ಲೇ ರೊಯ್ಯನೆ ತಿರುಗುತ್ತಿದ್ದವು. ಅವಳ ಸೆರಗು ಹಾರುವಷ್ಟು ಹತ್ತಿರ. ಪಾಷಾ ಎರಡು ಸಲ ಬಂದು ಕೈ ಮುಗಿದು ಹೇಳಿದರು. ಸಿಗ್ನಲ್ಲಿನ ಪೊಲೀಸಿನವನು ಪೀಪಿ ಊದಿದ. ಅವಳಿಗಿಂತ ಹೆಚ್ಚಾಗಿ ನಾನು ಅಂಜಿದೆ. ನನ್ನನ್ನು ಕೀಳಿ, ಆ ಅಂಚಿಗೆ ಒಯ್ಯಿರಿ, ಅವಳು ನನ್ನ ಹಿಂದೆಯೇ ಬರುತ್ತಾಳೆ ಎಂದು ಕೂಗಬೇಕೆನಿಸಿತು. ಹೊರುವುದಕ್ಕೆ ಮಾಡಿದ ಕಲ್ಲಿಗೆ ಬಾಯಿ ಎಲ್ಲಿಂದ ಬರಬೇಕು?

ಆ ಬೆಳಿಗ್ಗೆ ಬುಟ್ಟಿ ತುಂಬ ಮೆಂತ್ಯ ಸೊಪ್ಪಿತ್ತು. ಜನರೊಂದಿಗೆ ಪಟ್ಟೆಯ ಮೇಲೆ ಅರ್ಧ ದಾಟಿ, ಅಲ್ಲಿಂದ ತನ್ನ ಕಾಲಿಗೆ ಗೊತ್ತಿದ್ದ ತಿರುವಿನಲ್ಲಿ ನನ್ನ ಬಳಿ ಬಂದಳು. ಹೊರೆ ಇಳಿಸಿದಳು. ಸಿಂಬೆ ತೆಗೆದು ಬುಟ್ಟಿಯ ಪಕ್ಕ ಇಟ್ಟು ಸೆರಗಿನಿಂದ ಕತ್ತು ಒರೆಸಿಕೊಂಡಳು. ಬದಿಯಲ್ಲಿ ಹಾದ ಬಸ್ಸಿನ ಗಾಳಿಗೆ ಸಿಂಬೆ ಉರುಳಿ ರಸ್ತೆಗೆ ಬಿತ್ತು. "ಅಯ್, ಇದರ..." ಎಂದು ಹೆಕ್ಕಿಕೊಳ್ಳಲು ಬಗ್ಗಿದಳು. ಬಸ್ಸಿನ ಹಿಂದೆಯೇ ತಿರುಗುತ್ತಿದ್ದ ಟೆಂಪೋದವನಿಗೆ ಅವಳು ಕಾಣಲಿಲ್ಲ.

ಜನ ಸೇರಿದರು, ಅವಳನ್ನು ಎತ್ತಿಕೊಂಡು ಹೋದರು. ಬುಟ್ಟಿ ನನ್ನ ಮೇಲೆಯೇ ಉಳಿಯಿತು. ಬಿಸಿಲೇರಿತು. ಗೋಣಿತಟ್ಟು ಒಣಗಿತು. ಸೊಪ್ಪು ಬಾಡಿ ಅದರ ವಾಸನೆ ನನ್ನ ಸುತ್ತ ನಿಂತಿತು. ಇಳಿದ ಹೊರೆ ಮತ್ತೆ ಏಳದೆ ಇದ್ದದ್ದನ್ನು ನನ್ನ ಬಾಳಿನಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ಸಂಜೆ ಪೊಲೀಸಿನವನು ಬುಟ್ಟಿಯನ್ನು ಕೈಯಲ್ಲಿ ತೂಗಾಡಿಸಿಕೊಂಡು ಒಯ್ದ.

ತಿಥಿ ಕಳೆದ ಮೇಲೆ ಅವಳ ಕಿರಿಮಗಳು ಮಂಗಳಿ ಸೈಕಲ್ಲು ತಳ್ಳಿಕೊಂಡು ಬಂದಳು. ಪಾಷಾ ಸಿಮೆಂಟಿನ ಕಟ್ಟೆಯ ಬಳಿ ತಲೆ ತಗ್ಗಿಸಿ ನಿಂತಿದ್ದರು.

"ಕೀಳ್ಸಿ ಸಾರ್."

"ನಿಮ್ಮವ್ವ ಬೇಡ ಅಂದಿದ್ರಮ್ಮ."

"ಅವ್ವನೇ ಇಲ್ವಲ್ಲ ಸಾರ್" ಎಂದಳು. ಸೈಕಲ್ಲನ್ನು ಕಟ್ಟೆಗೆ ಒರಗಿಸಿ, "ನೀವು ಅವಾಗ್ಲೇ ಅವ್ವನ ಮಾತು ಮೀರಿದ್ರೆ ಬೈತಿದ್ಲು ನಿಮ್ಮನ್ನ. ದಿನಾ ಬೈತಿದ್ಲು" ಎಂದಳು. ಪಾಷಾ ಕನ್ನಡಕ ತೆಗೆದು ಮುಖ ಆ ಕಡೆಗೆ ಮಾಡಿಕೊಂಡರು.

ಯಾರೂ ಅಡ್ಡ ಬರಲಿಲ್ಲ. ಕ್ರೇನಿನ ಸರಪಳಿ ಬಿಗಿದಾಗ ನನ್ನ ಚಪ್ಪಡಿ ನಡುವೆ ಸೀಳಿತು. ಕಬ್ಬಿಣದ ಪಟ್ಟಿ ಬಿಗಿದು ಕೂಡಿಸಿದರು. ಫುಟ್‌ಪಾತಿನ ಅಂಚಿನ ಗುಂಡಿಗೆ ನನ್ನ ಕಂಬ ಇಳಿಸುವ ಮುಂಚೆ ಮಂಗಳಿ ತಡೆದು, ಮಡಿಲಿನಿಂದ ಸಿಂಬೆ ತೆಗೆದು ಒಳಗಿಟ್ಟಳು. ಅದರ ಮೇಲೆ ಟೈರಿನ ಗುರುತಿತ್ತು.

ಈಗ ನಾನು ಇಲ್ಲಿದ್ದೇನೆ, ಹೆಸರಿಲ್ಲದ ಕಟ್ಟೆಯ ಪಕ್ಕ. ಇಲ್ಲಿ ಯಾರೂ ಬೀಳುವುದಿಲ್ಲ, ಯಾರೂ ಸಾಯುವುದಿಲ್ಲ. ಸಿಗ್ನಲ್ಲಿಗೆ ಕಾಯುವವರು ನನ್ನ ಮೇಲೆ ಹೆಲ್ಮೆಟ್ಟು ಇಡುತ್ತಾರೆ, ಊಟದ ಡಬ್ಬಿ ಇಡುತ್ತಾರೆ. ಹೊರಡುವಾಗ ಯಾರೂ ಏನೂ ಹೇಳುವುದಿಲ್ಲ.

ಮಂಗಳಿ ಸೈಕಲ್ಲಿನ ಹಿಂದೆ ಸೊಪ್ಪಿನ ಕ್ರೇಟು ಕಟ್ಟಿಕೊಂಡು ಹಸಿರು ದಾರಿಯಲ್ಲಿ ಬರುತ್ತಾಳೆ. ಕೆಂಪು ದೀಪ ಬಿದ್ದರೆ ಒಂದು ಕಾಲನ್ನು ನನ್ನ ಬುಡಕ್ಕೆ ಊರಿ ನಿಲ್ಲುತ್ತಾಳೆ. ನನ್ನ ಮುಖ ನೋಡುವುದಿಲ್ಲ. ಮೆಂತ್ಯದ ವಾಸನೆ ಬರುತ್ತದೆ. ಹಸಿರು ಬಿದ್ದ ಕೂಡಲೇ ಹೊರಟುಹೋಗುತ್ತಾಳೆ. ಅವಳಿಗೆ ಇಳಿಸುವುದೂ ಇಲ್ಲ, ಏರಿಸುವುದೂ ಇಲ್ಲ.

ಕೈಯಲ್ಲಿ ತೂಗಾಡಿಸಿಕೊಂಡು ಒಯ್ದರೆ ಹೊರೆ ಎತ್ತಿದಂತಾಗುವುದಿಲ್ಲ. ಇಳಿಸಿದವರೇ ತಲೆ ಕೊಟ್ಟು ಎಳೆದುಕೊಳ್ಳಬೇಕು, ಆ ಎರಡು ಹೆಸರು ಹೇಳಬೇಕು. ಕೆಂಪಾಜಮ್ಮನ ಬುಟ್ಟಿ ನನ್ನ ಮೇಲೆ ಹಾಗೆಯೇ ಇದೆ.