ಇಳಿಜಾರಿನಲ್ಲಿ ಹೋದ ಪೆಟ್ರೋಲು

"ಬಂಕಿಗೆ ಇವತ್ತು ನಾನೂ ಬರ್ತೀನಿ ರಹಮತಣ್ಣ," ಎಂದು ಡಾಕ್ಟರ್ ಶೋಭಾರಾಣಿ ಕಾರು ಹತ್ತಿ ಕೂತಾಗ ರಹಮತ್ ಉಲ್ಲಾನ ಎದೆ ಧಸಕ್ಕೆಂದಿತು. ಆ ಮನೆಯ ಗಾಡಿ ಹಿಡಿದು ಇಪ್ಪತ್ತು ವರ್ಷ ದಾಟಿತ್ತು. ಮೊದಲು ಅವರಪ್ಪನಿಗೆ ಡ್ರೈವರ್, ಅವರು ತೀರಿಕೊಂಡ ಮೇಲೆ ಇವರಿಗೆ. ಇಷ್ಟು ವರ್ಷದಲ್ಲಿ ಆ ಮನೆಯವರು ಯಾರೂ ಪೆಟ್ರೋಲ್ ಹಾಕಿಸುವಾಗ ಜೊತೆಗೆ ಬಂದವರಲ್ಲ. ಹಾಕಿಸ್ಕೊಂಡು ಬಾ ಅನ್ನುವುದು, ಇವನು ಹಾಕಿಸಿಕೊಂಡು ಬರುವುದು, ಅಷ್ಟೇ. ಇವತ್ತು ಡಾಕ್ಟ್ರಮ್ಮ ಬಂಕಿನಲ್ಲಿ ಕಿಟಕಿ ಇಳಿಸಿ, ಕತ್ತು ಹೊರಗೆ ಹಾಕಿ, ಪಂಪಿನ ಮೀಟರ್ ಓಡುವುದನ್ನೇ ನೋಡುತ್ತ ಕೂತರು. ಪೈಪು ಹಿಡಿದಿದ್ದ ಅಂಜನಪ್ಪ ಒಮ್ಮೆ ಅವರ ಕಡೆ ನೋಡಿದ, ಒಮ್ಮೆ ರಹಮತ್ ಉಲ್ಲಾನ ಕಡೆ ನೋಡಿದ.  ಬಾಯಿಬಿಟ್ಟು ಕೇಳಿದ್ದರೇ ವಾಸಿ ಇತ್ತು.

ಚಿತ್ರದುರ್ಗದಲ್ಲಿ ಡ್ರೈವರ್ ಆದವನು ಕುಡಿದರೆ ಜನ ಎರಡು ಮಾತು ಬೈದು ಸುಮ್ಮನಾಗುತ್ತಾರೆ. ಗಾಡಿಯನ್ನು ಮರಕ್ಕೆ ಗುದ್ದಿದರೂ ಗ್ರಹಚಾರ ಬಿಡು ಅನ್ನುತ್ತಾರೆ. ಆದರೆ ಧಣಿಯ ಗಾಡಿಯ ಟ್ಯಾಂಕಿಗೆ ಪೈಪು ಇಳಿಬಿಟ್ಟು ಎಣ್ಣೆ ಕದ್ದ ಅಂತ ಒಂದು ಮಾತು ಹುಟ್ಟಿತೋ, ಅಲ್ಲಿಗೆ ಅವನ ಬಾಳು ಮೂರಾಬಟ್ಟೆ. ಟಿಂಬರ್ ಡಿಪೋದ ಡ್ರೈವರ್ ಮುದ್ದಣ್ಣ ಹಾಗೇ ಕೆಟ್ಟದ್ದು. ಅವನು ಕದ್ದನೋ ಬಿಟ್ಟನೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗಾಡಿ ಮೈಲೇಜ್ ಕೊಡುತ್ತಿರಲಿಲ್ಲ, ಅಷ್ಟೇ ಸಾಕಾಯಿತು. ಈಗ ಅವನು ಹಿರಿಯೂರಿನ ಕಡೆ ಯಾರದೋ ತೋಟದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಾನೆ, ದುರ್ಗಕ್ಕೆ ಬಂದರೆ ಟ್ಯಾಕ್ಸಿ ಸ್ಟ್ಯಾಂಡಿನ ಕಡೆ ಮುಖ ಹಾಕುವುದಿಲ್ಲ.

ಇದಕ್ಕೆಲ್ಲ ಕಾರಣ ಹೊಸ ಕಾರು. ಎರಡು ಸಾವಿರದ ಒಂಬತ್ತರ ಯುಗಾದಿ ಕಳೆದ ಮೇಲೆ ಹುಬ್ಬಳ್ಳಿಯಲ್ಲಿದ್ದ ಡಾಕ್ಟ್ರಮ್ಮನ ತಮ್ಮ ಲಕ್ಷ್ಮೀಕಾಂತ್ ತನಗೊಂದು ದೊಡ್ಡ ಗಾಡಿ ತಗೊಂಡು, ಇದನ್ನು ಅಕ್ಕನಿಗೆ ಕೊಟ್ಟುಹೋಗಿದ್ದ. ಹೈಬ್ರಿಡ್ ಕಾರು. ಹೈಬ್ರಿಡ್ ಜೋಳ, ಹೈಬ್ರಿಡ್ ಟೊಮೇಟೊ ಕಂಡಿದ್ದ ಊರಿಗೆ ಹೈಬ್ರಿಡ್ ಕಾರು ಹೊಸದು. ಪೆಟ್ರೋಲೂ ಕುಡಿಯುತ್ತದಂತೆ, ಕರೆಂಟೂ ತಿನ್ನುತ್ತದಂತೆ, ಪ್ಲಗ್ಗು ಮಾತ್ರ ಬೇಡವಂತೆ, ಬೇಕಾದ ಕರೆಂಟನ್ನು ಓಡುತ್ತ ಓಡುತ್ತ ತಾನೇ ಮಾಡಿಕೊಳ್ಳುತ್ತದಂತೆ. ಹೇಗೆ ಮಾಡಿಕೊಳ್ಳುತ್ತೆ ಅಂತ ರಹಮತ್ ಉಲ್ಲಾ ಕೇಳಲಿಲ್ಲ. ಸ್ಟಿಯರಿಂಗಿನ ಹಿಂದೆ ತಲೆ ನರೆತವನು ಹುಡುಗನ ಹತ್ತಿರ ಅಂಥದ್ದೆಲ್ಲ ಕೇಳುತ್ತಾನೆಯೇ? ಕೀ ಇಸಕೊಂಡು, ಬಾನೆಟ್ಟು ಒರೆಸಿ, "ನೋಡ್ಕೊಂತೀನಿ ಬಿಡ್ರಿ," ಅಂದಿದ್ದ.

"ನನ್ನ ಕೈಯಾಗೆ ಲೀಟರಿಗೆ ಹದಿನೆಂಟು ಕೊಡ್ತಿತ್ತು ಅಕ್ಕ," ಎಂದಿದ್ದ ಲಕ್ಷ್ಮೀಕಾಂತ್. "ರಹಮತಣ್ಣ ಹಿಡಿದ್ರೆ ಇಪ್ಪತ್ತಕ್ಕೆ ಮೋಸ ಇಲ್ಲ."

ಆ ಮಾತು ಹೊಗಳಿಕೆಗೆ ಆಡಿದ್ದಲ್ಲ. ರಹಮತ್ ಉಲ್ಲಾನ ಕೈಗುಣ ಅಂಥದ್ದು. ಹಳೆಯ ಅಂಬಾಸಿಡರಿನಲ್ಲಿ ಅವನು ಉಳಿಸುತ್ತಿದ್ದ ಎಣ್ಣೆಯ ಸುದ್ದಿ ಟ್ಯಾಕ್ಸಿ ಸ್ಟ್ಯಾಂಡಿನಲ್ಲೆಲ್ಲ ಹರಿದಾಡುತ್ತಿತ್ತು. ಏರು ಹತ್ತಿ ತಲೆ ಮುಟ್ಟಿದ ಕೂಡಲೇ ಗೇರು ನ್ಯೂಟ್ರಲ್ಲಿಗೆ ತಳ್ಳುತ್ತಿದ್ದ. ಎಂಜಿನ್ನಿನ ಎಳೆತವಿಲ್ಲದೆ ಗಾಡಿ ಗಾಳಿಗೆ ಬಿಟ್ಟಂತೆ ಸದ್ದಿಲ್ಲದೆ ಇಳಿಜಾರು ಇಳಿಯುತ್ತಿತ್ತು. ಎಲ್ಲಿ ಬಿಟ್ಟರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದು ಅವನಿಗೆ ಬಾಯಿಪಾಠ. ಹೊಳಲ್ಕೆರೆ ರಸ್ತೆಯ ಒಂದು ಇಳಿಜಾರಿನಲ್ಲಿ ಬಿಟ್ಟ ಗಾಡಿ ಕೆಳಗಿನ ಟೀ ಅಂಗಡಿಯ ಮುಂದೆ ಸರಿಯಾಗಿ ನಿಂತದ್ದನ್ನು ಡಾಕ್ಟ್ರಮ್ಮನ ಅಪ್ಪ ಬಂದ ನೆಂಟರಿಗೆಲ್ಲ ಹೇಳಿ ನಗುತ್ತಿದ್ದರು.

ಅದೇ ಕೈ, ಅದೇ ರಸ್ತೆ. ಹೊಸ ಗಾಡಿ ಮೊದಲ ಸಲ ಹದಿನಾಲ್ಕು ಕೊಟ್ಟಿತು. ಗಾಡಿ ಇನ್ನೂ ಕೈಗೆ ಹೊಂದಿಲ್ಲ ಅಂದುಕೊಂಡ. ಮುಂದಿನ ಸಲ ಹದಿಮೂರು. ರಹಮತ್ ಉಲ್ಲಾ ಇನ್ನೂ ಬಿಗಿ ಹಿಡಿದ. ಒಬ್ಬನೇ ಇರುವಾಗ ಏಸಿ ಹಾಕಲಿಲ್ಲ. ಒಂದಿಷ್ಟು ತಗ್ಗು ಸಿಕ್ಕರೂ ಸಾಕು, ನ್ಯೂಟ್ರಲ್. ಮುಂದೆ ಸಿಗ್ನಲ್ ಕಂಡರೆ ದೂರದಿಂದಲೇ ನ್ಯೂಟ್ರಲ್. ಆಗ ಹನ್ನೆರಡಕ್ಕೆ ಬಂತು. ಅವನು ಎಷ್ಟು ಉಳಿಸುತ್ತಾನೋ ಅಷ್ಟು ಹೋಗುತ್ತಿತ್ತು. ಟ್ಯಾಂಕು ಸೋರುತ್ತದೇನೋ ಅಂತ ಗಾಡಿಯ ಅಡಿಗೆ ಮಲಗಿ ನೋಡಿದ, ಒಂದು ತೊಟ್ಟೂ ಕಾಣಲಿಲ್ಲ. ಗಾಡಿ ತಗೊಂಡು ಹೋಗಿ ತೋರಿಸಿದ ಮೆಕ್ಯಾನಿಕ್ಕೂ, "ಎಲ್ಲ ಸರಿ ಐತಲ್ಲ ಸಾಬ್ರೆ," ಅಂದ. ಎಲ್ಲ ಸರಿ ಇದ್ದರೆ ಪೆಟ್ರೋಲು ಹೋಗುವುದೆಲ್ಲಿಗೆ? ಇದೇ ಪ್ರಶ್ನೆ ಡಾಕ್ಟ್ರಮ್ಮನ ತಲೆಗೂ ಬಂದಿರುತ್ತದೆ ಅನ್ನುವುದು ನೆನಪಾದಾಗಲೆಲ್ಲ ಅವನು ಮತ್ತೆ ಗಾಡಿಯ ಅಡಿಗೆ ಬಗ್ಗಿ ನೋಡುತ್ತಿದ್ದ.

ಬಂಕಿಗೆ ಬಂದ ವಾರವೇ ಡಾಕ್ಟ್ರಮ್ಮ ಇನ್ನೊಂದು ಮಾತು ಹೇಳಿದರು. ಸಂಜೆ ಕ್ಲಿನಿಕ್ಕಿನಿಂದ ತಮ್ಮನ್ನು ಮನೆಗೆ ಬಿಟ್ಟು ಹೊರಟವನನ್ನು ಕರೆದು, "ರಹಮತಣ್ಣ, ಗಾಡಿ ಇನ್ಮೇಲೆ ಇಲ್ಲೇ ಇರ್ಲಿ. ಕೀ ಕೊಟ್ಟು ಹೋಗ್ರಿ," ಎಂದರು. ಅವನ ಮುಖ ನೋಡದೆ, ಕೈಚೀಲದಲ್ಲಿ ಏನೋ ಹುಡುಕುತ್ತ ಹೇಳಿದರು. ಅಲ್ಲಿಯವರೆಗೆ ಗಾಡಿ ನಿಲ್ಲುತ್ತಿದ್ದದ್ದು ಅವನ ಮನೆಯ ಮುಂದೆ. ಅವನು ಕೀ ಕೊಟ್ಟು ಸಿಟಿ ಬಸ್ಸಿಗೂ ಕಾಯದೆ ನಡೆದುಕೊಂಡು ಮನೆಗೆ ಹೋದ.

"ಗಾಡಿ ಎಲ್ಲಿ?" ಎಂದಳು ಹೆಂಡತಿ ನಸೀಬಾ.

"ಅಲ್ಲೇ ಬಿಟ್ಟೆ."

ನಸೀಬಾ ತಟ್ಟೆ ಇಟ್ಟಳು, ರೊಟ್ಟಿ ಬಡಿಸಿದಳು, ಅವನು ಅದನ್ನು ಮುರಿಯುತ್ತ ಕೂತದ್ದನ್ನು ನೋಡಿದಳು. ಕೊನೆಗೆ ತಡೆಯಲಾರದೆ, "ನೀವೇ ಕೇಳಿಬಿಡ್ರಿ. ಅನುಮಾನ ಐತೇನು ಅಂತ ಕೇಳ್ರಿ. ಆಯಮ್ಮ ಸ್ಕೂಲಿಗೆ ಹೋಗಿದ್ದು ನಿಮ್ಮ ಗಾಡಿಯಾಗೆ," ಎಂದಳು.

"ಹೆಂಗೆ ಕೇಳ್ಲಿ? ಬಾಯಿ ಬಿಟ್ರೆ, ಇವನ ಮನಸ್ನಾಗೆ ಏನೋ ಐತೆ, ಅದಕ್ಕೇ ಕೇಳ್ತಾನೆ ಅಂದ್ಕೊಂತಾರೆ."

"ಬಾಯಿ ಬಿಡದಿದ್ರೂ ಅಂದ್ಕೊಂತಾರೆ," ಎಂದಳು ನಸೀಬಾ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಅವನಿಗೆ ಸಿಟ್ಟು ಬಂದದ್ದು ಅದಕ್ಕೇ.

ಎರಡು ದಿನ ನುಂಗಿಕೊಂಡು ಮೂರನೆಯ ದಿನ ರಹಮತ್ ಉಲ್ಲಾ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತ. ರೋಗಿಗಳು ಹೋಗಿಯಾಗಿತ್ತು. ಡಾಕ್ಟ್ರಮ್ಮ ಕೈ ತೊಳೆಯುತ್ತಿದ್ದರು.

"ಡಾಕ್ಟ್ರಮ್ಮ, ಒಂದು ಕೇಳ್ತೀನಿ, ಇಲ್ಲ ಅನ್ಬ್ಯಾಡ್ರಿ. ಭಾನುವಾರ ನನ್ನ ಜೊತಿ ಬರ್ರಿ. ಇಲ್ಲಿ ಟ್ಯಾಂಕ್ ಫುಲ್ ಮಾಡ್ಸಾಣ. ಹೊಳಲ್ಕೆರೆ ಮ್ಯಾಲೆ ಹೊಸದುರ್ಗಕ್ಕೆ ಹೋಗಿ ಬರಾಣ. ಬಂದು ಅದೇ ಪಂಪಿನಾಗೆ ಮತ್ತೆ ಫುಲ್ ಮಾಡ್ಸಾಣ. ಗಾಡಿ ಬಿಟ್ಟು ನೀವು ಇಳೀಬ್ಯಾಡ್ರಿ, ನಾನೂ ಇಳಿಯಲ್ಲ."

ಡಾಕ್ಟ್ರಮ್ಮನ ಮುಖ ಕೆಂಪಾಯಿತು. "ಯಾರು ಏನಂದ್ರು ನಿಮಗೆ?"

"ಯಾರೂ ಏನೂ ಅನ್ನಲಿಲ್ರಿ. ಅದೇ ಕಷ್ಟ ಆಗೈತೆ."

ಅವರು ಬೇಡ ಅನ್ನುತ್ತಾರೆ, ಛೆ ನಿಮ್ಮ ಮೇಲೆ ಅನುಮಾನವೇ ಅನ್ನುತ್ತಾರೆ ಅಂತ ಅವನಿಗೆ ಒಳಗೊಳಗೇ ಒಂದು ಆಸೆ ಇತ್ತು. ಅವರು ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ, "ಆಯ್ತು, ಹೋಗಾಣ," ಎಂದರು. ಆ ಆಯ್ತು ಅವನ ಎದೆಯಲ್ಲಿ ನಾಟಿತು.

ಭಾನುವಾರ ಬೆಳಿಗ್ಗೆ ಡಾಕ್ಟ್ರಮ್ಮ ಮುಂದಿನ ಸೀಟಿನಲ್ಲೇ ಕೂತರು. ಅಂಜನಪ್ಪ ಟ್ಯಾಂಕಿನ ಬಾಯಿಯವರೆಗೂ ತುಂಬಿದ. ರಹಮತ್ ಉಲ್ಲಾ ಬಿಸ್ಮಿಲ್ಲಾ ಹೇಳಿ ಗಾಡಿ ತೆಗೆದ. ಜೀವನದಲ್ಲೇ ಅಷ್ಟು ನಾಜೂಕಾಗಿ ಅವನು ಓಡಿಸಿರಲಿಲ್ಲ. ಆಕ್ಸಿಲರೇಟರಿನ ಮೇಲೆ ಮೊಟ್ಟೆ ಇಟ್ಟಂತೆ ಕಾಲಿಟ್ಟ. ಏಸಿ ಹಾಕಲಿಲ್ಲ, ಡಾಕ್ಟ್ರಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡರೂ ಹಾಕು ಅನ್ನಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೂ ಅಲ್ಲಾಡುತ್ತಿರಲಿಲ್ಲ, ಅಂಥ ಸೆಕೆ. ಏರಿನ ತಲೆ ಬಂತು. ಅವನು ಗೇರಿನ ಹಿಡಿ ಟಕ್ಕೆಂದು ಮುಂದೆ ತಳ್ಳಿದ.

"ಏನದು?" ಎಂದರು ಡಾಕ್ಟ್ರಮ್ಮ.

"ನ್ಯೂಟ್ರಲ್ ರೀ. ನಿಮ್ಮ ಅಪ್ಪಾರಿಗೆ ಭಾಳ ಇಷ್ಟ ಇತ್ತಲ್ಲ."

ಡಾಕ್ಟ್ರಮ್ಮ ನಕ್ಕರು. ತಿಂಗಳುಗಟ್ಟಲೆ ಆಗಿತ್ತು ಅವರು ಅವನ ಮುಂದೆ ನಕ್ಕು. "ಹೌದು, ಅಪ್ಪ ಮನೇಗೆ ಬಂದೋರಿಗೆಲ್ಲ ಹೇಳೋರು," ಎಂದರು. ರಹಮತ್ ಉಲ್ಲಾನ ಭುಜ ಸ್ವಲ್ಪ ಸಡಿಲವಾಯಿತು. ಇನ್ನೇನು ಪರವಾಗಿಲ್ಲ ಅನ್ನಿಸಿತು. ಹೊಳಲ್ಕೆರೆ ದಾಟಿ ಹೊಸದುರ್ಗದವರೆಗೆ, ಅಲ್ಲಿಂದ ತಿರುಗಿ ದುರ್ಗದವರೆಗೆ ಸಿಕ್ಕ ಒಂದು ಇಳಿಜಾರನ್ನೂ ಅವನು ಬಿಡಲಿಲ್ಲ. ಒಂದೆರಡು ಕಡೆ ಏರಿನಲ್ಲಿ ಎಂಜಿನ್ನು ಯಾಕೋ ವಿಪರೀತ ಕೂಗಾಡಿದಾಗ ಮಾತ್ರ ಕಾಲು ಇನ್ನಷ್ಟು ಹಗುರ ಮಾಡಿದ. ಅಲ್ಲಾನೇ, ಇವತ್ತು ಒಂದು ದಿನ ಮರ್ಯಾದೆ ಉಳಿಸು, ಅಂದುಕೊಂಡ.

ಬಂಕಿನಲ್ಲಿ ಅಂಜನಪ್ಪ ಪೈಪು ಇಟ್ಟ. ಮೀಟರ್ ಓಡಿತು. ನಿಲ್ಲಬೇಕು ಅಂತ ರಹಮತ್ ಉಲ್ಲಾ ಅಂದುಕೊಂಡಿದ್ದ ಅಂಕಿ ಬಂತು, ನಿಲ್ಲಲಿಲ್ಲ. ಇನ್ನೂ ಓಡಿತು.  ನೋಡಲಾರದೆ ರಹಮತ್ ಉಲ್ಲಾ ಬೇರೆ ಕಡೆ ತಿರುಗಿದ. ಕೊನೆಗೆ ಪೈಪು ಟಕ್ಕೆಂದು ನಿಂತ ಸದ್ದು ಕೇಳಿಸಿತು. ಡಾಕ್ಟ್ರಮ್ಮ ಮೊಬೈಲಿನಲ್ಲಿ ಲೆಕ್ಕ ಹಾಕಿದರು. ಸರಿಯಿಲ್ಲವೇನೋ ಅಂತ ಅಳಿಸಿ ಮತ್ತೆ ಹಾಕಿದರು.

"ಹನ್ನೊಂದು," ಎಂದರು.

ಇಷ್ಟು ದಿನದಲ್ಲಿ ಅಷ್ಟು ಕಡಿಮೆ ಯಾವತ್ತೂ ಬಂದಿರಲಿಲ್ಲ.

ಅವನು ಅಲ್ಲೇ ಪಂಪಿನ ಕಟ್ಟೆಯ ಮೇಲೆ ಕುಸಿದು ಕೂತ. ಆಮೇಲೆ ತಲೆ ಎತ್ತಿ ನೋಡಿದರೆ ಡಾಕ್ಟ್ರಮ್ಮನ ಕಣ್ಣು ತುಂಬಿದೆ. "ಬೆಳಿಗ್ಗೆಯಿಂದ ನಾನು ನಿಮ್ಮ ಪಕ್ಕದಾಗೇ ಕೂತಿದ್ದೆ," ಎಂದರು. "ಒಂದು ಕಡೇನೂ ಗಾಡಿ ನಿಲ್ಲಿಸಲಿಲ್ಲ ನೀವು. ನಾನು ಏನೇನೋ ಅಂದ್ಕೊಂಡೆ ರಹಮತಣ್ಣ. ನನ್ನದು ತಪ್ಪಾಯ್ತು."

ಈ ಒಂದು ಮಾತಿಗಾಗಿ ಅವನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದ. ಈಗ ಬಂದರೂ ಅದು ಅವನ ಕಿವಿಗೆ ಹೋಗಲಿಲ್ಲ. "ಹಂಗಾದ್ರೆ ಪೆಟ್ರೋಲ್ ಎಲ್ಲಿಗೆ ಹೋಯ್ತ್ರಿ?" ಎಂದ.

ಡಾಕ್ಟ್ರಮ್ಮ ಅಲ್ಲಿಂದಲೇ ತಮ್ಮನಿಗೆ ಫೋನ್ ಹಚ್ಚಿ, ಇಬ್ಬರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು. ಲಕ್ಷ್ಮೀಕಾಂತ್ ಅದು ಇದು ಕೇಳಿದ. ಟೈರಿಗೆ ಗಾಳಿ ಇದೆಯೇ, ಏಸಿ ಹಾಕಿದ್ದಿರಾ. ಅಕ್ಕ ಎಲ್ಲಕ್ಕೂ ಉತ್ತರ ಹೇಳಿ, ಕೊನೆಗೆ ಹೆಮ್ಮೆಯಿಂದಲೇ, "ಇಳಿಜಾರಿನಾಗೆಲ್ಲ ನ್ಯೂಟ್ರಲ್ಲಿಗೆ ಬಿಟ್ಟು ಎಷ್ಟು ಉಳಿಸಿದ್ರು ಗೊತ್ತೇನೋ," ಎಂದರು.



"ಅಯ್ಯೋ ಅಕ್ಕ, ಆ ಗಾಡಿ ಕರೆಂಟ್ ಮಾಡ್ಕೊಳ್ಳೋದೇ ಇಳಿಜಾರಿನಾಗೆ," ಎಂದ ಲಕ್ಷ್ಮೀಕಾಂತ್. "ಗೇರಿನಾಗೇ ಬಿಟ್ರೆ ಚಕ್ರ ಮೋಟಾರನ್ನ ತಿರುಗಿಸಿ ಬ್ಯಾಟರಿ ತುಂಬ್ತದೆ. ನ್ಯೂಟ್ರಲ್ ಹಾಕಿದ್ರೆ ಒಂದು ಹನಿ ಕರೆಂಟೂ ಸಿಗಲ್ಲ. ಬ್ಯಾಟರಿ ಖಾಲಿ ಆದ್ರೆ ಎಂಜಿನ್ನೇ ಪೆಟ್ರೋಲ್ ಸುಟ್ಟು ಅದನ್ನ ತುಂಬ್ಬೇಕು, ಗಾಡೀನೂ ಎಳೀಬೇಕು. ಅವರು ಉಳಿಸಿದಷ್ಟೂ ಹೋಗ್ತದೆ. ನಾನು ಹೇಳ್ಬೇಕಿತ್ತು. ರಹಮತಣ್ಣನಿಗೆ ಏನು ಹೇಳೋದು ಅಂತ ಸುಮ್ಮನಾದೆ."

ಡಾಕ್ಟ್ರಮ್ಮ ಫೋನ್ ಇಟ್ಟು ದೊಡ್ಡದಾಗಿ ಉಸಿರು ಬಿಟ್ಟರು. ನಿರಾಳವಾಗಿ ನಗಲು ಹೊರಟವರು ಅವನ ಮುಖ ನೋಡಿ ನಿಲ್ಲಿಸಿದರು. ರಹಮತ್ ಉಲ್ಲಾ ತನ್ನ ಎಡಗೈಯನ್ನು ಬೇರೆ ಯಾರದೋ ಕೈ ನೋಡುವಂತೆ ನೋಡುತ್ತಿದ್ದ.

"ಬಿಡ್ರಿ ರಹಮತಣ್ಣ. ನಿಮ್ಮ ಮ್ಯಾಲೆ ಇದ್ದದ್ದು ಹೋಯ್ತಲ್ಲ," ಎಂದರು.

"ಕದ್ದೆ ಅಂದಿದ್ರೆ ಇಲ್ಲ ಅಂತ ಖುರಾನ್ ಮುಟ್ಟಿ ಹೇಳ್ತಿದ್ದೆ ಡಾಕ್ಟ್ರಮ್ಮ," ಎಂದ ಅವನು. "ಇದಕ್ಕೆ ಏನು ಮುಟ್ಟಿ ಹೇಳ್ಲಿ? ಹೋಗಿದ್ದೆಲ್ಲ ನನ್ನ ಕೈಯಿಂದಾನೇ ಹೋಗೈತೆ."

 ಅವನು ಎದ್ದು ಪ್ಯಾಂಟಿಗೆ ಹತ್ತಿದ ಧೂಳು ಕೊಡವಿಕೊಂಡ, ಸ್ಟಿಯರಿಂಗಿನ ಕಡೆ ಹೋದವನು ಬಾಗಿಲ ಹತ್ತಿರ ತಡೆದು ನಿಂತ. ತಾನು ಹತ್ತಬಹುದೋ ಬಾರದೋ ಎಂದು ಆ ಮನೆಯ ಗಾಡಿಯ ಮುಂದೆ ಅವನು ಯೋಚಿಸಿದ್ದು ಅದೇ ಮೊದಲು. ಡಾಕ್ಟ್ರಮ್ಮ ಆಗಲೇ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುತ್ತಿದ್ದರು.

"ಕುಂತ್ಕಳ್ರಿ, ಹೊತ್ತಾಯ್ತು," ಎಂದರು.

ಬಂಕಿನಿಂದ ಮನೆಯ ಕಡೆ ರಸ್ತೆ ಇಳಿಮುಖ. ಗಾಡಿ ಇಳಿಯಲು ಶುರುವಾದ ಕೂಡಲೇ ಅವನ ಕೈ ತಾನಾಗಿ ಎದ್ದು ಹೊರಟಿತು, ಇಪ್ಪತ್ತು ವರ್ಷ ಹೋದಂತೆಯೇ. ಆದರೆ ಗೇರಿನ ಹಿಡಿಯ ಮೇಲೆ ಡಾಕ್ಟ್ರಮ್ಮ ಆಗಲೇ ಅಂಗೈ ಮುಚ್ಚಿ ಇಟ್ಟಿದ್ದರು. ಅವನ ಬೆರಳು ಅವರ ಕೈಗೆ ತಗುಲಿ, ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಬಂತು.

"ತಪ್ಪಾಯ್ತ್ರಿ," ಎಂದ.

ಡಾಕ್ಟ್ರಮ್ಮ ಕೈ ತೆಗೆಯಲಿಲ್ಲ. ರಸ್ತೆಯ ಕಡೆ ನೋಡುತ್ತಲೇ, "ನಿಮ್ಮ ಕೈ ಈ ರೂಢಿ ಬಿಡೋ ತನಕ ಇಳಿಜಾರಿನಾಗೆಲ್ಲ ಇಲ್ಲೇ ಕುಂತ್ಕಂತೀನಿ. ನೀವು ಓಡಿಸ್ರಿ," ಎಂದರು.

ಅವನು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಹೊಸದಾಗಿ ಲೈಸೆನ್ಸ್ ಸಿಕ್ಕವನ ಹಾಗೆ ಹೆದರುತ್ತ ಹೆದರುತ್ತ ಓಡಿಸಿದ.