ಹನಿ ನೀರಿನೊಳಗೆ ನೋಡಿದ ಕಣ್ಣು

ಹಿಂದೆ ಇಲ್ಲಿ ವಿಜ್ಞಾನ ಕಲಿಸಿದ ಜಿನಮತಿ ಅಕ್ಕೋರು ತೀರಿಕೊಂಡ ಸುದ್ದಿ ನಮ್ಮ ಶಾಲೆಗೆ ಬಂದದ್ದು ಒಂದು ಸೋಮವಾರ, ಪ್ರಾರ್ಥನೆ ಮುಗಿದು ಹುಡುಗಿಯರು ತರಗತಿಗಳಿಗೆ ಹೊರಟ ಹೊತ್ತಿನಲ್ಲಿ. ಹೆಡ್‌ಮಾಸ್ತರರು ಫೋನನ್ನು ಕಿವಿಗೆ ಹಿಡಿದು, "ಹೌದಾ? ಯಾವಾಗ್ರಿ?" ಎಂದಷ್ಟೇ ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಗಂಟೆ ಮತ್ತೆ ಮೊಳಗಿತು. ಹುಡುಗಿಯರು ಹಿಂದಿರುಗಿ ಬಂದು ಸಾಲಾಗಿ ನಿಂತು ತಲೆ ತಗ್ಗಿಸಿದರು.

ವಿಜ್ಞಾನದ ಕೋಣೆಯ ಗಾಜಿನ ಬೀರುವಿನಲ್ಲಿ ನಿಂತಿದ್ದ ನನಗೆ ಎಲ್ಲವೂ ಕೇಳಿಸಿತು. ಆ ಹುಡುಗಿಯರಲ್ಲಿ ಯಾರೂ ಅಕ್ಕೋರನ್ನು ಕಂಡವರಲ್ಲ. ಹೆಡ್‌ಮಾಸ್ತರರೂ ಹೆಸರು ಕೇಳಿ ಬಲ್ಲವರೇ ಹೊರತು ಅವರ ಪಾಠ ಕೇಳಿದವರಲ್ಲ. ಅವರ ಕೈಯ ಬಿಸುಪನ್ನು ಅರಿತವರು ಈ ಕಟ್ಟಡದಲ್ಲಿ ನಾನೊಬ್ಬನೇ ಉಳಿದಿದ್ದೇನೆ. ಅಳುವುದು ನನಗೆ ಬರುವುದಿಲ್ಲ, ನೋಡುವುದು ಮಾತ್ರ ಬರುತ್ತದೆ. ಆದ್ದರಿಂದ ನೋಡಿದ್ದನ್ನು ಹೇಳುತ್ತೇನೆ.

ನಾನು ಒಂದು ಸೂಕ್ಷ್ಮದರ್ಶಕ. ಹಿತ್ತಾಳೆಯ ಮೈ, ಕಬ್ಬಿಣದ ಕಾಲು, ಒಂದೇ ಕಣ್ಣು. ಕಾಲ ಬಳಿ ಒಂದು ದುಂಡು ಕನ್ನಡಿ ಇದೆ. ಸೂರ್ಯದೇವನ ಬೆಳಕನ್ನು ಅದು ಹಿಡಿದು ಮೇಲಕ್ಕೆ ಕಳಿಸಿದರೆ ನನಗೆ ಜೀವ ಬರುತ್ತದೆ. ನಾನು ಹುಟ್ಟಿದ್ದು ಜರ್ಮನಿ ದೇಶದ ಒಂದು ಕಾರ್ಖಾನೆಯಲ್ಲಿ. ಅಲ್ಲೊಬ್ಬ ಮುದುಕ ನನ್ನ ಮಸೂರಗಳನ್ನು ಉಜ್ಜಿ ಉಜ್ಜಿ ನಯ ಮಾಡಿದ. ಉಜ್ಜುವಾಗ ಅವನು ಉಸಿರನ್ನೂ ಬಿಗಿಹಿಡಿಯುತ್ತಿದ್ದ. ಗಾಜಿನ ಮೇಲೆ ಉಸಿರಿನ ಹಬೆ ಕೂಡ ಕೂರಬಾರದೆಂದು ಅವನ ಹಟ.

ನಮ್ಮ ಕುಲ ದೊಡ್ಡದು, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಂಗ್ಲೆಂಡಿನಲ್ಲಿ ಒಬ್ಬರು ಸೀಸೆಯ ಬಿರಡೆಗೆ ಬಳಸುವ ಬೆಂಡನ್ನು ತೆಳ್ಳಗೆ ಸೀಳಿ ನಮ್ಮ ಹಿರಿಯನೊಬ್ಬನ ಕೆಳಗಿಟ್ಟು ನೋಡಿದಾಗ, ಸಂನ್ಯಾಸಿಗಳ ಮಠದಲ್ಲಿರುವಂಥ ಪುಟ್ಟ ಪುಟ್ಟ ಕೋಣೆಗಳು ಕಂಡವು. ಜೀವಕೋಶಕ್ಕೆ ಇಂಗ್ಲಿಷಿನಲ್ಲಿ 'ಸೆಲ್', ಅಂದರೆ ಪುಟ್ಟ ಕೋಣೆ, ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಆದರೆ ಅವು ಖಾಲಿ ಕೋಣೆಗಳು. ಬೆಂಡು ಸತ್ತ ತೊಗಟೆಯಲ್ಲವೆ? ಸ್ವಲ್ಪ ಕಾಲದ ಮೇಲೆ ಡಚ್ಚರ ನಾಡಿನ ಒಬ್ಬ ಬಟ್ಟೆ ವ್ಯಾಪಾರಿ ತಾನೇ ಗಾಜಿನ ಮಣಿ ಉಜ್ಜಿ, ಕೆರೆಯ ನೀರಿನಲ್ಲಿ ಈಜುವ ಜೀವಿಗಳನ್ನು ಕಂಡ. ಆ ಕಾಲದ ಗಾಜುಗಳ ಅಂಚಿನಲ್ಲಿ ಕಾಮನಬಿಲ್ಲು ಮೂಡಿ ಚಿತ್ರ ಕದಡುತ್ತಿತ್ತು. ಎರಡು ಬಗೆಯ ಗಾಜನ್ನು ಕೂಡಿಸಿ ಆ ದೋಷ ತೆಗೆದ ಮೇಲೆಯೇ ನಮ್ಮವರ ದೃಷ್ಟಿ ತಿಳಿಯಾಯಿತು. ಆಗ ಗೊತ್ತಾಯಿತು: ಗಿಡವೂ ಜೀವಕೋಶಗಳಿಂದಲೇ ಆದದ್ದು, ಮನುಷ್ಯನೂ ಅವುಗಳಿಂದಲೇ ಆದವನು, ಒಂದು ಜೀವಕೋಶ ಹುಟ್ಟುವುದು ಇನ್ನೊಂದು ಜೀವಕೋಶದಿಂದಲೇ. ಇಂಥ ವಂಶದಲ್ಲಿ ಹುಟ್ಟಿದವನು ತಲೆ ಎತ್ತಿ ನಿಲ್ಲದೆ ಇನ್ನೇನು ಮಾಡಿಯಾನು?

ಹಡಗು ಹತ್ತಿ ಬಂದ ನನ್ನನ್ನು ಮೊದಲು ಕೊಂಡವರು ಒಂದು ಸಂಸ್ಥಾನದ ಡಾಕ್ಟರರು. ಅವರ ಬಳಿ ಚಳಿಜ್ವರದವರ ರಕ್ತ ನೋಡಿದ್ದೇ ನೋಡಿದ್ದು. ಸಂಸ್ಥಾನಗಳು ಹೋದ ಮೇಲೆ ಡಾಕ್ಟರರು ಮುಪ್ಪಿನಲ್ಲಿ ನನ್ನನ್ನು ಕೃಷ್ಣಾತೀರದ ಮುತ್ತಲಗಿ ಎಂಬ ಈ ಊರಿನ ಹೆಣ್ಣುಮಕ್ಕಳ ಶಾಲೆಗೆ ದಾನ ಕೊಟ್ಟರು. ಇಲ್ಲಿ ನನಗೆ ಬೀಗದ ಬೀರುವೇ ಗತಿಯಾಯಿತು. ಒಡೆದರೆ ಯಾರು ಉತ್ತರ ಕೊಡಬೇಕೆಂದು ಹಳೆಯ ಹೆಡ್‌ಮಾಸ್ತರರು ನನ್ನನ್ನು ಹೊರಗೇ ತೆಗೆಯುತ್ತಿರಲಿಲ್ಲ. ಆಯುಧಪೂಜೆಯ ದಿನ ಮಾತ್ರ ತೆಗೆದು ಚೆಂಡುಹೂವಿನ ಮಾಲೆ ಹಾಕಿ, ಸರಿಯಾಗಿ ನನ್ನ ಕಣ್ಣಿಗೇ ಕುಂಕುಮ ಹಚ್ಚುತ್ತಿದ್ದರು. ಮುಂದಿನ ಆಯುಧಪೂಜೆಯವರೆಗೆ ನನಗೆ ಲೋಕವೆಲ್ಲ ಕೆಂಪು.

ಆ ಕುಂಕುಮವನ್ನು ಒರೆಸಿದವರು ಜಿನಮತಿ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಈ ಊರಿನ ಜೈನರ ಮನೆಗೆ ಸೊಸೆಯಾಗಿ ಬಂದು, ಅದೇ ವರ್ಷ ಶಾಲೆಗೆ ವಿಜ್ಞಾನದ ಅಕ್ಕೋರಾಗಿ ಬಂದವರು ಅವರು. ಬಂದ ವಾರವೇ ನನ್ನನ್ನು ಕಿಟಕಿಯ ಬಳಿ ಮೇಜಿನ ಮೇಲಿಟ್ಟರು. ಪಾಠದ ಪುಸ್ತಕದಲ್ಲಿ ಜೀವಕೋಶ ನೋಡಲು ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ಪೊರೆ ಬೇಕೆಂದು ಬರೆದಿತ್ತು. ಜೈನರಿಗೆ ಅದು ವರ್ಜ್ಯ, ಅಕ್ಕೋರ ಮನೆಯಲ್ಲಿ ಅದನ್ನು ಹೊಸಿಲು ದಾಟಿಸುವಂತಿಲ್ಲ.

"ತರ್ರಿ. ನಾ ಮುಟ್ಟಂಗಿಲ್ಲ. ನೀವ ಸುಲೀರಿ, ನೀವ ಇಡ್ರಿ. ನೋಡಾಕ ನನ್ನ ಕಣ್ಣಿಗೇನೂ ವ್ರತ ಇಲ್ಲ" ಎಂದರು ಅಕ್ಕೋರು.

"ವಾಸನಿ ಬರ್ತೈತೇನ್ರಿ ಅಕ್ಕೋರ?" ಎಂದು ಹುಡುಗಿಯರು ಕಿಸಕ್ಕನೆ ನಕ್ಕರು.

"ಹೊಸಾದೇನ? ನಿಮ್ಮ ಬಾಯಾಗಿಂದ ದಿನಾ ಬರ್ತೈತಿ."

ಮೊದಲು ನೋಡಲು ಬಂದವಳು ಕುರುಬರ ಸಾತವ್ವ, ಏಳನೆಯ ತರಗತಿಯ ಚುರುಕು ಹುಡುಗಿ. "ಜಾಲಿ ಮುಳ್ಳು ಕಾಣ್ತಾವ್ರಿ" ಎಂದಳು. "ಹುಚ್ಚಿ, ಅದು ನಿನ್ನ ಕಣ್ಣಿನ ರೆಪ್ಪಿ. ಇನ್ನಷ್ಟು ಹತ್ರ ಬಾ" ಎಂದರು ಅಕ್ಕೋರು. ಸಾತವ್ವ ಬಾಗಿದಳು. "ಯವ್ವಾ! ಇಟ್ಟಂಗಿ ಹೊಂದಿಸಿ ಗ್ವಾಡಿ ಕಟ್ಟ್ಯಾರ್ರಿ ಒಳಗ! ಒಂದೊಂದರಾಗೂ ಒಂದೊಂದು ಚುಕ್ಕಿ ಇಟ್ಟಾರ!" ಏಳನೆಯ ತರಗತಿಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆ ಪಾಸಾಗಿ ತಾನೂ ಅಕ್ಕೋರಾಗುತ್ತೇನೆಂದು ಅವಳು ಅಂದಿನಿಂದ ಹೇಳತೊಡಗಿದಳು.

ಆ ಬೇಸಿಗೆಯಲ್ಲಿ ಸಾತವ್ವನ ಕಾಲಿಗೆ ನಾರುಹುಣ್ಣು ಎದ್ದಿತು. ಮೊದಲು ಸುಡುವ ಬೊಬ್ಬೆ, ಅದು ಒಡೆದರೆ ಒಳಗಿಂದ ಬಿಳಿಯ ನಾರಿನಂಥ ಹುಳು ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಹೊರಗೆಳೆಯಬೇಕು. ತುಂಡಾದರೆ ಕಾಲು ಕೀವಾಗಿ, ಕೀಲು ಬಿಗಿದು, ಹುಡುಗಿ ಕುಂಟಿಯಾಗುವ ಭಯ. ಊರಿನಲ್ಲಿ ಹೀಗೆ ಮಲಗಿದವರು ಮನೆಗೊಬ್ಬರು. ಎಲ್ಲರೂ ಕುಡಿಯುತ್ತಿದ್ದದ್ದು ಬಸದಿಯ ಪಕ್ಕದ ಮೆಟ್ಟಿಲ ಬಾವಿಯ ನೀರು. ಸಾತವ್ವನ ಪರೀಕ್ಷೆ ಹತ್ತಿರ ಬರುತ್ತಿತ್ತು. ಅಕ್ಕೋರು ದಿನವೂ ಅವಳ ಮನೆಗೆ ಹೋಗಿ ಬರುತ್ತಿದ್ದರು. ಬಂದವರೇ ನನ್ನ ಮುಂದೆ ಕುಳಿತು ಬಾವಿಯ ನೀರಿನ ಹನಿಯನ್ನು ನೋಡುತ್ತಿದ್ದರು.

ಆ ಹನಿಯಲ್ಲಿ ಕುಪ್ಪಳಿಸುತ್ತಿದ್ದದ್ದು ಸೈಕ್ಲೋಪ್ಸ್ ಎಂಬ ನೀರುಹುಳು. ಬರಿಗಣ್ಣಿಗೆ ಧೂಳಿನ ಕಣ. ಅದಕ್ಕೂ ನನ್ನ ಹಾಗೆ ಒಂದೇ ಕಣ್ಣು. ಕೆಲವು ಹುಳುಗಳ ಹೊಟ್ಟೆಯಲ್ಲಿ ಸುರುಳಿ ಸುತ್ತಿಕೊಂಡ ನಾರುಹುಣ್ಣಿನ ಮರಿ ಕಾಣುತ್ತಿತ್ತು. ಆ ನೀರನ್ನು ಸೋಸದೆ ಕುಡಿದವರ ಮೈಯಲ್ಲಿ ಮರಿ ಬೆಳೆದು ಮರುವರ್ಷ ಹುಣ್ಣಾಗಿ ಹೊರಬರುತ್ತದೆ. ಹುಣ್ಣಿನ ಕಾಲು ನೀರಿಗೆ ಇಳಿದರೆ ಹೊಸ ಮರಿಗಳು ಬಾವಿ ಸೇರುತ್ತವೆ.

ತಾಲೂಕಿನ ಹೆಲ್ತ್ ಇನ್ಸ್‌ಪೆಕ್ಟರ್ ಶಿವಪುತ್ರಪ್ಪನವರು ಔಷಧದ ಡಬ್ಬಿ ಹೊತ್ತು ಬಂದು, ಬಾವಿಗೆ ಹಾಕಿ ನೀರುಹುಳುಗಳನ್ನೆಲ್ಲ ಕೊಲ್ಲಬೇಕೆಂದರು. ಬಸದಿಯ ಯಜಮಾನರಾದ ಪಾಯಪ್ಪನವರು ಅಡ್ಡ ನಿಂತರು.

"ನಮ್ಮ ಮನಿಗೋಳೊಳಗ ಒಬ್ಬರಿಗರ ಬಂದೈತೇನ್ರಿ ಈ ರೋಗ? ಸೋಸಿ ಕುಡೀರಿ ಅಂದ್ರ ಯಾರೂ ಕೇಳಂಗಿಲ್ಲ. ಈಗ ಬಾವ್ಯಾಗಿನ ಜೀವಾ ಕೊಲ್ಲಾಕ ಬಂದೀರಿ."

"ಯಜಮಾನ್ರ, ಆ ಸಾತವ್ವಂದೂ ಜೀವಾನ ಅಲ್ಲೇನ್ರಿ?"

ಇಬ್ಬರೂ ಅಕ್ಕೋರ ಮುಖ ನೋಡಿದರು. ಅಕ್ಕೋರಿಗೆ ಇಬ್ಬರ ಮಾತೂ ನಿಜವೆನಿಸಿತು. ಹುಣ್ಣಾದವರು ಬಾವಿಗೆ ಇಳಿಯದಿದ್ದರೆ ಕೊಲ್ಲದೆಯೇ ರೋಗ ನಿಲ್ಲುತ್ತದೆಂದು ಹೇಳಿ ಅವರು ಸ್ವಲ್ಪ ಗಡುವು ಕೇಳಿದರು. ಊರವರೂ ಒಪ್ಪಿದರು. ಹುಣ್ಣಾದವರ ಮನೆಗೆ ಬೇರೆಯವರು ನೀರು ಹೊತ್ತು ಹಾಕಿದರು. ಆದರೂ ವಾರಗಳು ಕಳೆದ ಮೇಲೆ ತಂದ ಹನಿಯಲ್ಲೂ ನಾನು ಮರಿಗಳನ್ನು ತೋರಿಸಿದೆ, ಅದೂ ಎಳೆಯ ಮರಿಗಳನ್ನು. ತೋರಿಸಬಾರದಿತ್ತೆಂದು ನನಗೂ ಅನಿಸಿತು. ಇಲ್ಲದ್ದನ್ನು ಕಾಣಿಸುವುದೂ ಇದ್ದದ್ದನ್ನು ಮುಚ್ಚುವುದೂ ನನ್ನ ಕುಲಕ್ಕೆ ಬಾರದು. ಎಳೆಯ ಮರಿಯೆಂದರೆ ಇನ್ನೂ ಯಾರೋ ಹುಣ್ಣಿನ ಕಾಲಿನಲ್ಲಿ ಬಾವಿಗೆ ಇಳಿಯುತ್ತಿದ್ದಾರೆಂದೇ ಅರ್ಥ.

ಒಂದು ಭಾನುವಾರ ಅಕ್ಕೋರು ನನ್ನನ್ನು ಮನೆಗೆ ಒಯ್ದು ಪಡಸಾಲೆಯ ಬಿಸಿಲಿನಲ್ಲಿಟ್ಟರು. ಅವರ ಅತ್ತೆ ಚಂಪವ್ವ ಆಗ ತಾನೇ ನೀರು ಸೋಸಿ ಮುಗಿಸಿದ್ದರು. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳು ಬಿಸಿಲಿಗೆ ಸಾಯಬಾರದು. ಅವನ್ನು ಬಂದ ಬಾವಿಗೇ ಮರಳಿ ಬಿಡಬೇಕು, ಮೇಲಿಂದ ಎಸೆದರೆ ಪೆಟ್ಟಾಗುತ್ತದೆ. ಆದ್ದರಿಂದ ಚಂಪವ್ವ ದಿನವೂ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಬಟ್ಟೆಯನ್ನು ಮೆಲ್ಲಗೆ ಜಾಲಿಸಿ ಬರುತ್ತಿದ್ದರು. ಊರಿಗೆ ಊರೇ ಅವರ ದಯೆಯನ್ನು ಹೊಗಳುತ್ತಿತ್ತು.

"ಅತ್ತಿ, ನೀವು ದಿನಾ ಉಳಸೂ ಜೀವಾ ಹೆಂಗೈತಿ ನೋಡಬರ್ರಿ" ಎಂದು ಅಕ್ಕೋರು ಕರೆದರು.

ಚಂಪವ್ವ ಸೆರಗು ಸರಿಮಾಡಿಕೊಂಡು ಬಾಗಿದರು. "ಎಷ್ಟ್ ಚಂದ ಐತಿ ಇದು! ಎರಡೂ ಕಡೆ ಚೀಲಾ ಹೊತ್ಕೊಂಡು ಸಂತಿಗೆ ಹೊಂಟಂಗೈತಿ."

"ಅವು ತತ್ತಿ ಚೀಲಾರೀ. ಬಸುರಿ ಅದು."

"ಬಸುರಿ! ಪಾಪ. ಮತ್ತ ಹೊಟ್ಟ್ಯಾಗ ಸುರುಳಿ ಸುತ್ತಿದ್ದು? ಅದೂ ಕೂಸೇನ?"

"ಅದು ಅದರ ಕೂಸಲ್ಲರಿ. ನಾರುಹುಣ್ಣಿನ ಮರಿ. ಇದಕ್ಕೂ ಅದರಿಂದ ಬ್ಯಾನಿ ಐತಿ. ಹುಣ್ಣಾದ ಕಾಲು ಯಾರದೋ ನೀರಿಗಿಳಿದೈತಿ, ಅಲ್ಲಿಂದ ಬಂದದ್ದು."

ಚಂಪವ್ವನ ಕಣ್ಣು ನನ್ನ ಕಣ್ಣಿನ ಮೇಲೆ ಹಾಗೆಯೇ ನಿಂತುಬಿಟ್ಟಿತು. ರೆಪ್ಪೆ ಒದ್ದೆಯಾದದ್ದು ನನ್ನ ಗಾಜಿಗೆ ತಿಳಿಯಿತು. ಆಮೇಲೆ ಅವರು ನೆಲದ ಮೇಲೆ ಕುಳಿತರು.

"ಯಾರದೋ ಅಲ್ಲವ್ವ" ಎಂದರು. ಸೀರೆಯ ಅಂಚು ಸರಿಸಿದರು. ಕಾಲಿನ ಗಂಟಿಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿದರು. ಅಲ್ಲಿ ಹುಣ್ಣಿತ್ತು.

ಹೋದ ವರ್ಷ ಸುಗ್ಗಿಯ ಬಿಸಿಲಿನಲ್ಲಿ ಹೊಲದಲ್ಲಿ ಕಣ್ಣಿಗೆ ಕತ್ತಲೆ ಬಂದಂತಾಗಿ, ಆಳುಗಳ ಕೊಡದಿಂದ ಸೋಸದ ನೀರನ್ನು ಕುಡಿದಿದ್ದರಂತೆ. ಬದುಕಿನಲ್ಲಿ ಒಂದೇ ಸಲ. "ವ್ರತಾ ಕೆಡಿಸಿಕೊಂಡೆ ಅಂತ ಯಾವ ಬಾಯಿಲೆ ಹೇಳ್ಲಿ? ಪುಣ್ಯದ ಕೆಲಸರ ತಪ್ಪಬಾರದು ಅಂತ ದಿನಾ ಇಳಿದೆ. ಆ ಹುಡುಗಿ ಕಾಲಿಗೆ ನಾನ ಹುಳಾ ಬಿಟ್ಟೆನೇನ ಜಿನಮತಿ?"

"ಇಲ್ಲರಿ ಅತ್ತಿ. ಆಕೀದು ಹಿಂದಿನ ವರ್ಷದ್ದು. ಆದ್ರ ಮುಂದಿನ ವರ್ಷ ಬರೋದನ್ನ ನಾವು ನಿಲ್ಲಸಬೇಕ್ರಿ."

ಅಕ್ಕೋರು ಈ ಮಾತನ್ನು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದವರು ಚಂಪವ್ವನೇ. ಗಡುವು ಮುಗಿದು ಮರುದಿನ ಬಸದಿಯ ಅಂಗಳದಲ್ಲಿ ಊರು ಕೂಡಿತ್ತು. ಅಕ್ಕೋರು ನನ್ನನ್ನೂ ಅಲ್ಲಿಗೆ ತಂದು ಕಟ್ಟೆಯ ಮೇಲಿಟ್ಟಿದ್ದರು. ಪಾಯಪ್ಪನವರು ಮತ್ತೆ ಅದೇ ಮಾತು ಎತ್ತಿದಾಗ ಹೆಂಗಸರ ನಡುವಿನಿಂದ ಚಂಪವ್ವ ಎದ್ದು ಬಂದರು.

"ಪಾಯಪ್ಪಣ್ಣ, ನಮ್ಮ ಮನಿಗೋಳೊಳಗ ಇಲ್ಲ ಅಂತೀಯಲ್ಲ, ನೋಡಿಲ್ಲಿ" ಎಂದು ಕಾಲು ತೋರಿಸಿದರು. ಸೋಸದ ನೀರು ಕುಡಿದದ್ದನ್ನೂ ಬಾವಿಗೆ ಇಳಿದದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಪಾಯಪ್ಪನವರು ನನ್ನ ಬಳಿ ಬಂದು, ಪೇಟ ತೆಗೆದಿಟ್ಟು, ಬಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ನನ್ನೊಳಗೆ ಊರವರು ಯಾರೂ ನೋಡಿರಲಿಲ್ಲ.

"ಈಗೇನು ಮಾಡೂನಂತೀಯವ್ವ?" ಎಂದು ಅಕ್ಕೋರನ್ನು ಕೇಳಿದರು.

ಅಕ್ಕೋರು ಹೇಳಿದರು. ಮೆಟ್ಟಿಲುಗಳಿಗೆ ಗೋಡೆ ಕಟ್ಟಿ ಬಾವಿಗೆ ನೀರು ಸೇದುವ ಗಾಲಿ ಹಾಕಬೇಕು. ಯಾರ ಕಾಲೂ ನೀರಿಗೆ ತಾಗಬಾರದು. ಪ್ರತಿ ಮನೆಯವರೂ ಎರಡು ಪದರದ ಬಟ್ಟೆಯಲ್ಲಿ ಸೋಸಿ ಕುಡಿಯಬೇಕು. ಸೋಸಿದ ಜೀವಿಗಳನ್ನು ಬಿಡಲು ತಳದಲ್ಲಿ ಬಳೆಯಿರುವ ಒಂದು ಚರಿಗೆ ಮಾಡಿಸಬೇಕು. ಬಾಯಿಗೊಂದು ಹಗ್ಗ, ತಳದ ಬಳೆಗೊಂದು ಹಗ್ಗ ಕಟ್ಟಿ ಇಳಿಸಿ, ನೀರು ಮುಟ್ಟಿದ ಮೇಲೆ ತಳದ ಹಗ್ಗ ಎಳೆದರೆ ಅದು ಮೆಲ್ಲಗೆ ಮಗುಚುತ್ತದೆ. ಜೀವಿಗೂ ಪೆಟ್ಟಿಲ್ಲ, ಮನುಷ್ಯರಿಗೂ ರೋಗವಿಲ್ಲ.

"ಡಬ್ಬಿ ಹೊತ್ತದ್ದ ಬಂತು ನೋಡ್ರಿ ನನಗ!" ಎಂದು ಶಿವಪುತ್ರಪ್ಪನವರು ನಕ್ಕರು. ಗೋಡೆಗೆ ಮೊದಲ ಕಲ್ಲು ಹೊತ್ತು ತಂದವರೂ ಅವರೇ.

ಸಾತವ್ವನಿಗೆ ಆ ವರ್ಷ ಪರೀಕ್ಷೆಗೆ ಕೂರಲು ಆಗಲಿಲ್ಲ. ಅವಳು ಅತ್ತದ್ದನ್ನು ಅಕ್ಕೋರು ನನ್ನ ಮುಂದೆ ಕುಳಿತು ನೆನೆದು ತಾವೂ ಅತ್ತರು. ಆದರೆ ಹುಳು ತುಂಡಾಗದೆ ಹೊರಬಂತು. ಮರುವರ್ಷ ಅವಳು ನೆಟ್ಟಗೆ ನಡೆದುಕೊಂಡೇ ಹೋಗಿ ಪರೀಕ್ಷೆ ಬರೆದು ಪಾಸಾದಳು. ಆ ಬೇಸಿಗೆಯಲ್ಲಿ ಇನ್ನೂ ಕೆಲವರಿಗೆ ಹುಣ್ಣು ಬಂತು. ಅದರ ಮುಂದಿನ ಬೇಸಿಗೆಯಲ್ಲಿ ಯಾರಿಗೂ ಬರಲಿಲ್ಲ. ಅಕ್ಕೋರು ಹನಿಯ ಮೇಲೆ ಹನಿ ನೋಡಿದರು. ನೀರುಹುಳುಗಳು ಮೊದಲಿನಂತೆಯೇ ಕುಪ್ಪಳಿಸುತ್ತಿದ್ದವು, ಹೊಟ್ಟೆ ಮಾತ್ರ ತಿಳಿಯಾಗಿತ್ತು. ಚಂಪವ್ವನನ್ನೂ ಕರೆದು ತೋರಿಸಿದರು. ಆ ಹಿರಿಯರು ನನಗೆ ಕೈ ಮುಗಿದರು. ಎಷ್ಟೋ ಆಯುಧಪೂಜೆಗಳನ್ನು ಕಂಡಿದ್ದೇನೆ, ಅಂಥ ಪೂಜೆಯನ್ನು ಬೇರೆ ಕಾಣೆ.

ಆಮೇಲೆ ಅಕ್ಕೋರು ನಿವೃತ್ತರಾಗಿ ಬೆಳಗಾವಿಯ ಮಗಳ ಮನೆಗೆ ಹೋದರು. ಈಗ ಶಾಲೆಯಲ್ಲಿ ವಿದ್ಯುತ್ ದೀಪದ ಸೂಕ್ಷ್ಮದರ್ಶಕಗಳಿವೆ. ಒಂದಂತೂ ತಾನು ಕಂಡದ್ದನ್ನು ಪರದೆಯ ಮೇಲೆಯೇ ಬಿಡಿಸುತ್ತದೆ, ಯಾರೂ ಬಾಗಬೇಕಿಲ್ಲ. ನನ್ನ ಕನ್ನಡಿಯ ಪಾದರಸ ಉದುರಿದೆ, ತಿರುಪು ಸಡಿಲವಾಗಿದೆ. ಹೊಟ್ಟೆಕಿಚ್ಚಿಲ್ಲ. ವಂಶ ಬೆಳೆಯುವುದನ್ನು ಕಾಣುವುದೂ ಒಂದು ಭಾಗ್ಯ.

ಅಕ್ಕೋರ ಸುದ್ದಿ ಬಂದ ಆ ವಾರದಲ್ಲೇ ವಿಜ್ಞಾನದ ಎಳೆಯ ಮಾಸ್ತರರು ನನ್ನ ಬೀರುವಿನ ಮುಂದೆ ಹುಡುಗಿಯರನ್ನು ನಿಲ್ಲಿಸಿ, "ಇದರಾಗ ನೋಡೇ ಅಕ್ಕೋರು ಈ ಊರಿನ ನಾರುಹುಣ್ಣು ಕಳದ್ರು" ಎಂದರು.

"ನಾರುಹುಣ್ಣು ಅಂದ್ರ ಏನ್ರಿ ಸರ? ಹೆಂಗಿರ್ತೈತ್ರಿ?" ಎಂದು ಒಬ್ಬಳು ಕೇಳಿದಳು.

ಮಾಸ್ತರರು ತಲೆ ಕೆರೆದುಕೊಂಡರು. "ನಾನೂ ನೋಡಿಲ್ಲವ್ವ. ಪುಸ್ತಕ ನೋಡಿ ನಾಳೆ ಹೇಳ್ತೀನಿ" ಎಂದರು.

ಹುಡುಗಿಯರು ನಗುತ್ತ ಓಡಿಹೋದರು, ಹುಣ್ಣಿಲ್ಲದ ಕಾಲುಗಳಲ್ಲಿ. ಮಾಸ್ತರರೂ ಕಂಡಿರದ ರೋಗ! ಅಕ್ಕೋರೆ, ನೀವು ಈ ಮಾತನ್ನು ಕೇಳಬೇಕಿತ್ತು. ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡವರಿಗೂ ಇಂಥ ಗೌರವ ದಕ್ಕುವುದಿಲ್ಲ.

ಹೇ ಜಿನೇಶ್ವರಾ, ಕಣ್ಣಿಗೆ ಕಾಣದ ಜೀವಕ್ಕೂ ನೋವಾಗದಂತೆ ನಡೆದ ಆ ತಾಯಿಯ ಆತ್ಮಕ್ಕೆ ಯಾವ ನೋವೂ ತಾಗದಿರಲಿ. ಅವರ ಮುಂದಿನ ದಾರಿ ಬೆಳಕಾಗಿರಲಿ. ಅವರಿಗೆ ಶಾಂತಿ ದೊರೆಯಲಿ.