ದರ್ಶನ ಅಂದ್ರ ಏನ್ರಿ

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಉರ್ದುವಿನಲ್ಲಿ ಓದಿ ಉರ್ದುವಿನಲ್ಲೇ ಕಲಿಸುತ್ತಿದ್ದ ನಮ್ಮಂಥ ಶಿಕ್ಷಕರು ಕೆಲಸ ಉಳಿಸಿಕೊಳ್ಳಬೇಕಾದರೆ ಕನ್ನಡದ ಬಾಯಿಪರೀಕ್ಷೆ ಪಾಸಾಗಬೇಕು ಎಂದರು. ಮನೆಯಲ್ಲಿ ಆಡುವುದು ಕನ್ನಡವೇ, ಅದಕ್ಕೂ ಪರೀಕ್ಷೆಯೇ ಎಂದು ನನ್ನ ಮೈ ಉರಿಯಿತು. ಆದರೂ ಔರಾದ ಕಡೆಯ ಚಿಂತಾಕಿಯಿಂದ ಪರೀಕ್ಷೆ ನಡೆಯುವ ಭಾಲ್ಕಿಯ ಸಾಲೆಗೆ ಬಂದೆ. ನಮ್ಮ ಕೇರಿಯಲ್ಲಿ ಸಂಬಳ ತಂದ ಮೊದಲ ಹೆಣ್ಣು ನಾನು, ಕೌಸಲ್ಯಾಬಾಯಿ. ಈ ಕೆಲಸ ಹೋದರೆ ಮತ್ತೆ ಗೌಡರ ಹೊಲದ ಕೂಲಿಯೇ ಗತಿ.

ಪರೀಕ್ಷಕರು ಮೈಸೂರು ಕಡೆಯವರು. ಒಳ್ಳೆಯ ಮನುಷ್ಯರೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಪುಸ್ತಕದ ಒಂದು ಸಾಲು ಓದಿಸಿದರು: ‘ದರ್ಶನದ ಪರಮಗುರಿ ದೈವಸಾಕ್ಷಾತ್ಕಾರ.’

“ದರ್ಶನ ಅಂದರೇನಮ್ಮ?”

“ಗುಡಿಯೊಳಗ ಹೋಗಿ ದೇವರ ಮಾರಿ ನೋಡೂದರಿ. ನಮ್ಮ ಮಂದಿಗೆ ಅದು ಇಲ್ರಿ.”

ಅವರು ನಕ್ಕುಬಿಟ್ಟರು. “ಅದಲ್ಲಮ್ಮ. ಇಲ್ಲಿ ದರ್ಶನ ಅಂದರೆ ತತ್ತ್ವಶಾಸ್ತ್ರ.”

“ಓಹೋ, ಫಲ್ಸಫಾ ಅಂತೀರೇನ್ರಿ?” ಎಂದೆ. ಉರ್ದುವಿನಲ್ಲಿ ಹಾಗೆ ಹೇಳಿದ್ದರೆ ನನಗೂ ಮೊದಲೇ ತಿಳಿಯುತ್ತಿತ್ತು. ಬೀದರಿನ ಸಾಲೆಯಲ್ಲಿ ನನಗೆ ಕಲಿಸಿದ ಅನ್ವರಿ ಬೇಗಂ ಅದನ್ನು ಒಂದೇ ಮಾತಿನಲ್ಲಿ ಹೇಳಿದ್ದರು: ಖುದಾನ ಮುಂದೆ ನಿಂತರೂ ‘ಯಾಕೆ’ ಎಂದು ಕೇಳುವ ಹಿಮ್ಮತ್ತು. “ಹಂಗಾದ್ರ ಈ ಸಾಲು ತಪ್ಪದರಿ. ಫಲ್ಸಫಾದ ಕೆಲಸ ಕೇಳೂದು. ದೇವರು ಸಿಕ್ಕ ಕೂಡ್ಲೆ ಕೇಳೂದು ಬಿಡ್ಬೇಕಂದ್ರ, ಅದು ಫಲ್ಸಫಾ ಹ್ಯಾಂಗ ಆಗ್ತದರಿ?”

“ದೇವರನ್ನು ಕಂಡವನಿಗೆ ಪ್ರಶ್ನೆಯೇ ಉಳಿಯೋದಿಲ್ಲಮ್ಮ. ಅವನ ಕಣ್ಣಿಗೆ ಮೇಲಿಲ್ಲ, ಕೀಳಿಲ್ಲ. ಎಲ್ಲರೂ ಒಂದೇ.”

“ನೀವು ದಿನಾ ದರ್ಶನ ಮಾಡ್ತೀರೇನ್ರಿ?”

“ತಪ್ಪದೆ.”

“ಬಾಜೂದಾಗ ಗುಡಿ ಅದ. ಬರ್ರಿ, ನೋಡೇ ಬಿಡೋಣು.”

ಹೋದ ವರ್ಷವೇ ಅಪ್ಪ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದ. ಆ ಗುಡಿಯ ದೇವರು ನನಗೆ ಬೇಕಾಗಿರಲಿಲ್ಲ. ನನಗೆ ಬೇಕಾದದ್ದು ‘ಎಲ್ಲರೂ ಒಂದೇ’ ಎಂಬ ಆ ಮಾತು ಖರೆಯೋ ಸುಳ್ಳೋ ಎಂಬುದು. ಅವರು ಕೂಡಲೇ ಎದ್ದರು. “ಕಾನೂನೇ ಬಂದಿದೆ, ಈಗ ಯಾರಮ್ಮ ತಡೀತಾರೆ?” ಎಂದು ದಾರಿಯುದ್ದಕ್ಕೂ ಧೈರ್ಯ ಹೇಳಿದರು. ಸರ್ಕಾರ ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಪೂಜಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಯಾವ ಕೇರಿಯವಳೆಂದು ಕೇಳಿದ. ಮುಚ್ಚಿಡದೆ ಹೇಳಿದೆ. “ಸಾಹೇಬ್ರು ಒಳಗ ಬರ್ರಿ. ಆ ಬಾಯಿ ಅಲ್ಲೇ ನಿಲ್ಲಲಿ.”

ಪರೀಕ್ಷಕರು ಅವನನ್ನು ನೋಡಿದರು, ನನ್ನನ್ನು ನೋಡಿದರು. ಒಳಗಿನಿಂದ ಮಂಗಳಾರತಿಯ ಗಂಟೆ ಕೇಳಿತು. “ಒಂದು ನಿಮಿಷ ಇರಮ್ಮ” ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಅವರ ಪರವಾಗಿ.

ಹಣೆಗೆ ಕುಂಕುಮ ಇಟ್ಟುಕೊಂಡು ಬಂದರು. ಸಾಲೆಗೆ ಮರಳಿದೆವು. ಕುರ್ಚಿಯಲ್ಲಿ ಕೂತವರೇ ಮೆಲ್ಲಗೆ ಹೇಳಿದರು, “ಆ ಸಾಲಿನ ಅರ್ಥ ಪುಸ್ತಕದಲ್ಲಿರೋ ಹಾಗೆ ಹೇಳಿಬಿಡಮ್ಮ. ಪಾಸು ಹಾಕಿಬಿಡ್ತೀನಿ.”

“ನಾ ನೋಡಿದ್ದು ಹೇಳ್ತೇನ್ರಿ. ದೇವರ ಮುಂದ ನೀವು ಕೈ ಮುಗದು ಕಣ್ಣು ಮುಚ್ಚಿ ನಿಂತಿದ್ರಿ. ಹೊರಗ ಬಾಗಲದ ಎದುರು ನಾ ಕಣ್ಣು ತೆರದು ನಿಂತಿದ್ದೆ. ದರ್ಶನ ಅಂದ್ರ ನೋಡೂದು ಅಂತಿದ್ರ, ಇವತ್ತ ದರ್ಶನ ಆಗಿದ್ದು ನನಗರಿ. ಇದೇ ನನ್ನ ಉತ್ತರ. ತಪ್ಪಿದ್ರ ತಪ್ಪಂತ ಬರೀರಿ. ಪಾಪ ಅಂತ ಪಾಸ್ ಮಾಡಬ್ಯಾಡ್ರಿ.”

“ಕೆಲಸ ಹೋಗುತ್ತಮ್ಮ.”

“ಹೋಗ್ಲಿ ಬಿಡ್ರಿ. ಕೂಲಿ ಮಾಡಿ ಗೊತ್ತದ ನನಗ. ಕಣ್ಣು ಮುಚ್ಚಿ ಹೌದ್ರಿ ಅನ್ನೂದು ಗೊತ್ತಿಲ್ಲ.”

ಅವರು ಹಾಳೆ ಎಳೆದುಕೊಂಡು ಪೆನ್ನು ತೆರೆದರು. ‘ನಾಪಾಸು’ ಎಂದೇ ಬರೆದರು. ಪಕ್ಕದಲ್ಲಿ ಕಾರಣ ಬರೆಯಬೇಕಿತ್ತು. ಅಲ್ಲಿ ಅವರ ಕೈ ನಿಂತುಬಿಟ್ಟಿತು. ಹಾಳೆಯನ್ನು ಹಾಗೆಯೇ ಮಡಚಲು ಹೋದರು.

ನಾನು ಕೈ ಚಾಚಿ ಪೆನ್ನು ಇಸಿದುಕೊಂಡೆ. ಖಾಲಿ ಉಳಿದಿದ್ದ ಜಾಗದಲ್ಲಿ, ಅವರದೇ ಮೈಸೂರಿನ ಕನ್ನಡದಲ್ಲಿ, ದುಂಡಗೆ ಬರೆದೆ: ‘ಯಾಕೆ ಎಂದು ಕೇಳಿದ್ದಕ್ಕೆ.’